ತಿದ್ದಿದ ದರಪಟ್ಟಿ ಹಳೆಯದಾಗುತ್ತಿದ್ದ ಸರ್ವರ್: ಒಂದು ಪ್ರಕರಣ ಅಧ್ಯಯನ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಕೃಷಿ ಸಹಕಾರ ಸಂಘದ ಕಚೇರಿಯಲ್ಲಿ, ಹಿಂದಿನವರಿಂದ ಬಳುವಳಿಯಾಗಿ ಬಂದ ಸರ್ವರ್‌ನೊಳಗಿನ ಕಡತಗಳು ಯಾರೂ ಮುಟ್ಟದೆಯೇ ಹಳೆಯ ರೂಪಕ್ಕೆ ಮರಳುತ್ತಿದ್ದ ಪ್ರಕರಣವಿದು. ಸಂಘದ ಹಾಗೂ ಸಿಬ್ಬಂದಿಯ ಹೆಸರುಗಳು ವಿಷಯಕ್ಕೆ ಅಗತ್ಯವಿಲ್ಲವಾದ್ದರಿಂದ ಬಿಟ್ಟಿದ್ದೇನೆ. ಇಂಥ ತೊಂದರೆ ಬಂದಾಗ ಎಲ್ಲರ ಕಣ್ಣೂ ಬದಲಾದ ಕಡತದ ಮೇಲೆಯೇ ನೆಟ್ಟಿರುತ್ತದೆ. ಇಲ್ಲಿ ದಾರಿ ತೋರಿಸಿದವು ಬದಲಾಗದೆ ಉಳಿದ ಕಡತಗಳು. ಅವುಗಳತ್ತ ನೋಡುವ ಮೊದಲು ಕಚೇರಿಯಲ್ಲಿ ಸಾಕಷ್ಟು ಸಮಯ ವ್ಯರ್ಥವಾಗಿತ್ತು, ಒಬ್ಬ ಗುಮಾಸ್ತರ ಮೇಲೆ ಸುಳ್ಳು ಅನುಮಾನವೂ ಬಿದ್ದಿತ್ತು.

ಸರ್ವರ್‌ನಲ್ಲಿದ್ದುದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆಯಾದ ಡೆಬಿಯನ್ 10. 2019ರ ಜುಲೈನಲ್ಲಿ ಬಂದ ಈ ಆವೃತ್ತಿಗೆ ಸಿಗುತ್ತಿದ್ದ ದೀರ್ಘಾವಧಿಯ ಭದ್ರತಾ ಬೆಂಬಲವೂ 2024ರ ಜೂನ್‌ಗೆ ಮುಗಿದಿತ್ತು. ಲಿನಕ್ಸ್ ಸರ್ವರಿನ ಕಡತಗಳನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ತೆರೆದುಕೊಡುವ ಸಾಂಬಾ ತಂತ್ರಾಂಶದ ಮೂಲಕ ಒಂದು ಹಂಚಿಕೆಯ ಫೋಲ್ಡರ್ ಇಡೀ ಕಚೇರಿಗೂ, ಆಗುಂಬೆ ಕಡೆಯ ಒಂದು ಶಾಖೆಗೂ ತೆರೆದುಕೊಂಡಿತ್ತು. ಶಾಖೆ ಮತ್ತು ಮುಖ್ಯ ಕಚೇರಿಯ ರೂಟರ್‌ಗಳ ನಡುವೆ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕವೇ ಹಾಯುವ ಖಾಸಗಿ ಸಂಪರ್ಕವಿತ್ತು. ಸಂಘದ ಲೆಕ್ಕಪತ್ರದ ತಂತ್ರಾಂಶ ಮತ್ತು ಅದರ ದತ್ತಾಂಶ ಬೇರೊಂದು ಡಿಸ್ಕ್ ವಿಭಾಗದಲ್ಲಿದ್ದವು. ಈ ಪ್ರಕರಣದ ಉದ್ದಕ್ಕೂ ಅವಕ್ಕೆ ಏನೂ ಆಗಲಿಲ್ಲ ಎಂಬುದು ಅದೃಷ್ಟವೇ ಹೊರತು ಯಾರ ಮುಂದಾಲೋಚನೆಯೂ ಅಲ್ಲ. ಸರ್ವರನ್ನು ನಿಲ್ಲಿಸಿಕೊಟ್ಟು ನೋಡಿಕೊಳ್ಳುತ್ತಿದ್ದವರು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದರು. ಅವರು ಬಿಟ್ಟುಹೋದ ದಾಖಲೆ ಎಂದರೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದ ಪಾಸ್‌ವರ್ಡ್‌ಗಳು ಮಾತ್ರ.

ತೊಂದರೆ ಮೊದಲು ಬೆಳಕಿಗೆ ಬಂದದ್ದು ಮೈಲುತುತ್ತದ ದರಪಟ್ಟಿಯಲ್ಲಿ. ಮಳೆಗಾಲ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆ ರೋಗ ತಗಲದಂತೆ ಬೋರ್ಡೋ ದ್ರಾವಣ ಹೊಡೆಯುವುದು ಮಲೆನಾಡಿನ ಪ್ರತಿ ತೋಟದ ಕೆಲಸ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಮಾರು 40–45 ದಿನ ಬಿಟ್ಟು ಎರಡನೆಯ ಬಾರಿಯೂ ಹೊಡೆಯಬೇಕಾಗುವುದರಿಂದ ಒಬ್ಬೊಬ್ಬ ಸದಸ್ಯರೂ ಒಯ್ಯುವ ಪ್ರಮಾಣ ಕಡಿಮೆಯದಲ್ಲ, ಕಿಲೋ ದರದಲ್ಲಿ ಆಗುವ ಸಣ್ಣ ತಪ್ಪೂ ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಈ ದರಪಟ್ಟಿ ಹಂಚಿಕೆಯ ಫೋಲ್ಡರಿನಲ್ಲಿದ್ದ ಒಂದು ಎಕ್ಸೆಲ್ ಹಾಳೆ. ಕಾರ್ಯದರ್ಶಿಯವರು ಹೊಸ ದರ ಹಾಕಿ ಉಳಿಸುತ್ತಿದ್ದರು. ಕೆಲವು ದಿನ ಸರಿಯಾಗಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಕೌಂಟರಿನವರು ತೆರೆದರೆ ಎರಡು ವರ್ಷ ಹಿಂದಿನ ದರ ಬಂದು ಕೂತಿರುತ್ತಿತ್ತು.

"ಸಾರ್, ನಮ್ಮಲ್ಲೇ ಯಾರೋ ಬೇಕಂತ ಮಾಡ್ತಿದಾರೆ ಅನ್ನಿಸ್ತದೆ" ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದ್ದರು. ಆ ಹೊತ್ತಿಗಾಗಲೇ ಎಲ್ಲರ ಪಾಸ್‌ವರ್ಡ್ ಬದಲಾಯಿಸಿ, ಒಬ್ಬರಿಗೆ ಆ ಫೋಲ್ಡರಿಗೆ ಪ್ರವೇಶವನ್ನೇ ತಪ್ಪಿಸಿ ಆಗಿತ್ತು. ಕಂಪ್ಯೂಟರ್‌ಗಳಿಗೆಲ್ಲ ಆ್ಯಂಟಿವೈರಸ್ ಹಾಕಿಸಿಯೂ ಆಗಿತ್ತು. ಕಡತಗಳು ಮಾತ್ರ ಹಳೆಯದಾಗುತ್ತಲೇ ಇದ್ದವು.

ಅಳಿಸಿಹೋಗುತ್ತಿದ್ದ ಕುರುಹು

ಶಿವಮೊಗ್ಗದಿಂದ ಹೋಗಿ ನೋಡಿದಾಗ ನನಗೆ ಕಂಡ ಮೊದಲ ಅಡ್ಡಿ ಸಿಬ್ಬಂದಿಯ ಶ್ರದ್ಧೆಯೇ ಆಗಿತ್ತು. ಹಳೆಯ ದರ ಕಂಡ ಕೂಡಲೇ ಅವರು ಹೊಸದನ್ನು ಟೈಪ್ ಮಾಡಿ ಉಳಿಸಿಬಿಡುತ್ತಿದ್ದರು. ವ್ಯವಹಾರದ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಆದರೆ ಹಾಗೆ ಉಳಿಸಿದ ಕ್ಷಣದಲ್ಲಿ ಕಡತದ ಸಮಯಗಳು, ಮಾಲೀಕತ್ವ, ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಕಡತದ ವಿವರಗಳಿರುವ ದಾಖಲೆಯ ಸಂಖ್ಯೆ) ಎಲ್ಲವೂ ಹೊಸದಾಗಿ, ಯಾರು ಬರೆದರೆಂಬ ಕುರುಹು ಇಲ್ಲವಾಗುತ್ತಿತ್ತು. ಆದ್ದರಿಂದ ಮುಂದೆ ಹೀಗಾದರೆ ಆ ಕಡತವನ್ನು ತೆರೆಯಬಾರದು, ದರವನ್ನು ಕಾಗದದ ಮೇಲೆ ನೋಡಿ ಬಿಲ್ ಮಾಡಬೇಕು, ದಿನ ಮತ್ತು ಹೊತ್ತನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು ಕೇಳಿಕೊಳ್ಳಲಾಯಿತು. ಇನ್ನೊಂದು ಕೆಲಸವನ್ನು ಅಂದೇ ಮಾಡಬೇಕಾಯಿತು. ರಾತ್ರಿಯ ಬ್ಯಾಕಪ್ 7 ದಿನಕ್ಕೊಮ್ಮೆ ತನ್ನನ್ನೇ ಅಳಿಸಿಕೊಂಡು ಬರೆಯುವಂತಿತ್ತು, ಅಂದರೆ ಹಾಳಾದ ಕಡತಗಳೇ ಒಳ್ಳೆಯ ಪ್ರತಿಗಳನ್ನು ಒಂದೊಂದಾಗಿ ನುಂಗುತ್ತಿದ್ದವು. ಆ ಸರದಿಯನ್ನು ನಿಲ್ಲಿಸಿ, ಇದ್ದ ಪ್ರತಿಗಳನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟೆವು.

ರ‍್ಯಾನ್ಸಮ್‌ವೇರ್ ಇರಬಹುದೇ ಎಂಬ ಭಯ ಕಾರ್ಯದರ್ಶಿಯವರಿಗೆ ಬಲವಾಗಿತ್ತು. ಆದರೆ ಅಂಥ ದಾಳಿ ಕಡತವನ್ನು ಓದಲಾಗದಂತೆ ಮಾಡುತ್ತದೆ. ಇಲ್ಲಿ ಸಿಗುತ್ತಿದ್ದುದು ಓದಲು ಬರುವ, ಒಂದು ಕಾಲದಲ್ಲಿ ನಿಜವೇ ಆಗಿದ್ದ ದರಪಟ್ಟಿ. ಅರ್ಥವಿರುವ ಹಳೆಯ ಪಠ್ಯ ಮರಳಿ ಬರುತ್ತಿದೆ ಎಂದರೆ ಅದರ ಪ್ರತಿ ಎಲ್ಲೋ ಇದೆ, ಅಲ್ಲಿಂದ ಇಲ್ಲಿಗೆ ಏನೋ ತರುತ್ತಿದೆ ಎಂದೇ ತಿಳಿಯಬೇಕು. ಹಾಗಾಗಿ ವಿಂಡೋಸ್‌ನ ಆಫ್‌ಲೈನ್ ಕಡತಗಳ ಸೌಲಭ್ಯದ ಮೇಲೆ ಸ್ವಲ್ಪ ಹೊತ್ತು ಸಂಶಯವಿತ್ತು, ಏಕೆಂದರೆ ಬಹಳ ದಿನ ಮುಚ್ಚಿಟ್ಟ ಲ್ಯಾಪ್‌ಟಾಪ್ ಒಂದು ಮತ್ತೆ ಜಾಲಕ್ಕೆ ಬಂದಾಗ ತನ್ನಲ್ಲಿದ್ದ ಹಳೆಯ ಪ್ರತಿಯನ್ನು ಸರ್ವರಿಗೆ ತಳ್ಳುವುದು ಸಾಧ್ಯವೇ. ಆ ಸಂಶಯ ಮುಂದಿನ ಘಟನೆಯವರೆಗೆ ಉಳಿಯಿತು.

ಮುಂದಿನ ಘಟನೆ ಗಾಳಿ ಮಳೆಯ ಒಂದು ರಾತ್ರಿಯ ನಂತರ ನಡೆಯಿತು. ಈ ಬಾರಿ ಯಾರೂ ಮುಟ್ಟದ ಕಡತ ಕೈಗೆ ಸಿಕ್ಕಿತು. ಕಡತದ ವಿವರಗಳನ್ನು ತೋರಿಸುವ ಸ್ಟ್ಯಾಟ್ ಆದೇಶ ಕೊಟ್ಟು ನೋಡಿದರೆ ನಾಲ್ಕು ಸಂಗತಿಗಳು ಒಟ್ಟಿಗೆ ಕಂಡವು. ವಿಷಯ ಬದಲಾದ ಸಮಯ, ಅಂದರೆ ಎಂಟೈಮ್, ಎರಡು ವರ್ಷ ಹಿಂದಿನದು. ಐನೋಡ್‌ನ ಸ್ಥಿತಿ ಬದಲಾದ ಸಮಯ, ಅಂದರೆ ಸಿಟೈಮ್, ಅದೇ ಬೆಳಗಿನ ಜಾವದ್ದು. ಐನೋಡ್ ಸಂಖ್ಯೆ ಹಿಂದಿನ ದಿನ ನಾವು ಬರೆದಿಟ್ಟುಕೊಂಡದ್ದಕ್ಕಿಂತ ಬೇರೆ. ಮಾಲೀಕನ ಜಾಗದಲ್ಲಿ ಹೆಸರಿಲ್ಲದ 1003 ಎಂಬ ಸಂಖ್ಯೆ.

ಇವುಗಳ ಅರ್ಥವನ್ನು ಬಿಡಿಸಿ ಹೇಳುವುದು ಉಚಿತ. ಎಂಟೈಮ್ ಅನ್ನು ಯಾವ ತಂತ್ರಾಂಶವಾದರೂ ತನಗೆ ಬೇಕಾದ ದಿನಾಂಕಕ್ಕೆ ಇಡಬಲ್ಲದು, ಅದಕ್ಕೆಂದೇ ಸಿಸ್ಟಮ್ ಕರೆಗಳಿವೆ. ಸಿಟೈಮ್‌ಗೆ ಅಂಥ ದಾರಿಯಿಲ್ಲ, ಅದನ್ನು ಬರೆಯುವುದು ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಮಾತ್ರ. ಮನುಷ್ಯರು ಎಕ್ಸೆಲ್‌ನಲ್ಲಿ ತೆರೆದು ಹಳೆಯ ದರ ಟೈಪ್ ಮಾಡಿದ್ದರೆ ಎರಡೂ ಸಮಯಗಳು ಅಂದಿನವೇ ಆಗಿರುತ್ತಿದ್ದವು. ಎಂಟೈಮ್ ಹಿಂದಕ್ಕೆ ಹೋಗಿದೆ ಎಂದರೆ ಮೂಲದ ದಿನಾಂಕವನ್ನು ಕಾಪಾಡಿಕೊಂಡು ನಕಲು ಮಾಡುವ ಯಾವುದೋ ಉಪಕರಣ ಕೆಲಸ ಮಾಡಿದೆ. ಐನೋಡ್ ಹೊಸದು ಎಂಬುದೂ ಅದಕ್ಕೆ ಹೊಂದುತ್ತದೆ. ಆರ್‌ಸಿಂಕ್‌ನಂಥ ಉಪಕರಣಗಳು ಇರುವ ಕಡತದ ಮೇಲೆ ನೇರವಾಗಿ ಬರೆಯದೆ, ಪಕ್ಕದಲ್ಲೇ ಒಂದು ತಾತ್ಕಾಲಿಕ ಕಡತ ಬರೆದು ಮುಗಿಸಿ ಅದಕ್ಕೆ ಹಳೆಯ ಹೆಸರನ್ನು ಇಡುತ್ತವೆ. 1003 ಎಂಬುದು ಹಿಂದಿನ ನಿರ್ವಾಹಕರ ಖಾತೆಯ ಸಂಖ್ಯೆಯಾಗಿದ್ದು, ಅವರು ಹೋದ ಮೇಲೆ ಖಾತೆಯನ್ನು ತೆಗೆದುಹಾಕಿದ್ದರಿಂದ ಸಂಖ್ಯೆ ಮಾತ್ರ ಉಳಿದಿತ್ತು. ಸಾಂಬಾ ಮೂಲಕ ಬರೆದ ಯಾವ ಕಡತಕ್ಕೂ ಈ ಸಂಖ್ಯೆ ಬರಲು ಸಾಧ್ಯವಿರಲಿಲ್ಲ, ಏಕೆಂದರೆ ಸಾಂಬಾದಲ್ಲಿ ಎಲ್ಲ ಬರವಣಿಗೆಯೂ ಒಂದೇ ಕಚೇರಿ ಖಾತೆಯ ಹೆಸರಿನಲ್ಲಿ ಆಗುವಂತೆ ಹೊಂದಿಸಲಾಗಿತ್ತು. ಅಲ್ಲಿಗೆ ಲ್ಯಾಪ್‌ಟಾಪ್ ಮೇಲಿನ ಸಂಶಯ ಹೋಯಿತು, ಗುಮಾಸ್ತರ ಮೇಲಿನ ಅನುಮಾನವೂ ಹೋಯಿತು. ಕಾರ್ಯದರ್ಶಿಯವರು ಅಂದೇ ಅವರನ್ನು ಕರೆದು ಪ್ರವೇಶವನ್ನು ಮರಳಿ ಕೊಟ್ಟರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಕಡತ ಸೇರಿದ್ದ ಬಳಕೆದಾರರ ಗುಂಪಿನ ಹೆಸರು ಮೊದಲಿನದೇ ಆಗಿದ್ದರಿಂದ ಮಾಲೀಕ ಬದಲಾದರೂ ಬರೆಯುವ ಅನುಮತಿಗೆ ಧಕ್ಕೆ ಬಂದಿರಲಿಲ್ಲ. ಬಂದಿದ್ದರೆ ಮೊದಲ ವಾರದಲ್ಲೇ ಯಾರಾದರೂ ಕೂಗಿ ಕರೆಯುತ್ತಿದ್ದರೇನೋ.

ಬದಲಾಗದೆ ಉಳಿದದ್ದು

ಸಂಖ್ಯೆ ಸಿಕ್ಕಿದ ಮೇಲೆ ಇಡೀ ಫೋಲ್ಡರಿನಲ್ಲಿ 1003ಕ್ಕೆ ಸೇರಿದ ಕಡತಗಳನ್ನೆಲ್ಲ ಹುಡುಕಿ, ಎಂಟೈಮ್ ಪ್ರಕಾರ ಜೋಡಿಸಿ ನೋಡಿದೆವು. ಯಾರೂ ದೂರು ಹೇಳದ ನೂರಾರು ಕಡತಗಳೂ ಆ ಪಟ್ಟಿಯಲ್ಲಿದ್ದವು. ಹಲವದರ ವಿಷಯ ಬದಲಾಗಿರಲಿಲ್ಲ, ಐನೋಡ್ ಕೂಡ ಹಳೆಯದೇ, ಮಾಲೀಕ ಮಾತ್ರ ಬೇರೆಯಾಗಿದ್ದ. ಆದರೆ ಪಟ್ಟಿಯ ಕೊನೆ ಒಂದು ಗೆರೆ ಎಳೆದಂತೆ ನಿಂತಿತ್ತು. ಎರಡು ವರ್ಷ ಹಿಂದಿನ ಒಂದು ಎರಡನೇ ಶನಿವಾರದ ಮಧ್ಯಾಹ್ನದ ನಂತರದ ಎಂಟೈಮ್ ಇರುವ ಒಂದೇ ಒಂದು ಕಡತವೂ ಅದರಲ್ಲಿರಲಿಲ್ಲ. ಆ ದಿನದ ನಂತರ ಹುಟ್ಟಿದ ಕಡತಗಳು, ಈ ಜೂನ್ ತಿಂಗಳಲ್ಲಿ ದಿನವೂ ತಿದ್ದುತ್ತಿದ್ದ ದಾಸ್ತಾನಿನ ಹೊಸ ಹಾಳೆಯೂ ಸೇರಿದಂತೆ, ಒಂದು ಸಲವೂ ಹಿಂದಕ್ಕೆ ಹೋಗಿರಲಿಲ್ಲ, ಅಳಿಸಿಯೂ ಹೋಗಿರಲಿಲ್ಲ.

ಈ ಒಂದು ಗೆರೆಯಿಂದ ಬಹಳಷ್ಟು ತಿಳಿಯುತ್ತಿತ್ತು. ಹಳೆಯ ಪ್ರತಿಯ ಮೂಲ ಆ ಶನಿವಾರ ನಿಂತುಹೋಗಿದೆ, ಆಮೇಲೆ ಅದಕ್ಕೆ ಹೊಸದೇನೂ ಸೇರಿಲ್ಲ. ನಕಲು ಮಾಡುವ ಆದೇಶದಲ್ಲಿ ಮೂಲದಲ್ಲಿಲ್ಲದ್ದನ್ನು ಅಳಿಸುವ ಆಯ್ಕೆ ಇಲ್ಲ. ಇದ್ದಿದ್ದರೆ ಎರಡು ವರ್ಷದ ಕೆಲಸ ಒಂದೇ ರಾತ್ರಿಯಲ್ಲಿ ಹೋಗುತ್ತಿತ್ತು. ಗುರಿಯಲ್ಲಿರುವುದು ಹೊಸದಾಗಿದ್ದರೆ ಬಿಟ್ಟುಬಿಡುವ ಆಯ್ಕೆಯೂ ಇಲ್ಲ. ಆರ್‌ಸಿಂಕ್ ತನ್ನಷ್ಟಕ್ಕೆ ಗಾತ್ರ ಮತ್ತು ಎಂಟೈಮ್ ಎರಡನ್ನೇ ಹೋಲಿಸುತ್ತದೆ. ಯಾವುದಾದರೂ ಒಂದು ಬೇರೆಯಿದ್ದರೆ ನಕಲು ಮಾಡುತ್ತದೆ, ಯಾವುದು ಹೊಸದು ಎಂಬ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ಆ ಶನಿವಾರ ಏನಾಯಿತು ಎಂದು ಕಾರ್ಯದರ್ಶಿಯವರನ್ನು ಕೇಳಿದಾಗ, ಅವರು ಹಳೆಯ ಡೈರಿ ತೆಗೆದು ನೋಡಿ, ಅಂದು ಹಳೆಯ ಸರ್ವರಿನಿಂದ ಈಗಿನ ಸರ್ವರಿಗೆ ಬದಲಾಯಿಸಿದ ದಿನ ಎಂದರು.

ಬೆಂಗಳೂರಿನಲ್ಲಿದ್ದ ಹಿಂದಿನ ನಿರ್ವಾಹಕರಿಗೆ ಫೋನ್ ಮಾಡಲಾಯಿತು. ಅವರು ಸೌಜನ್ಯದಿಂದಲೇ ಮಾತನಾಡಿದರು. ವರ್ಗಾವಣೆಯ ತಿಂಗಳಲ್ಲಿ ಪ್ರತಿ ರಾತ್ರಿ ಹಳೆಯದರಿಂದ ಹೊಸದಕ್ಕೆ ಆರ್‌ಸಿಂಕ್ ಮಾಡುತ್ತಿದ್ದುದು ನಿಜ, ಬದಲಾವಣೆ ಮುಗಿದ ದಿನವೇ ಅದನ್ನು ನಿಲ್ಲಿಸಿದ್ದೆ, ಹಳೆಯ ಯಂತ್ರವನ್ನು ಆಫ್ ಮಾಡಿ ತೆಗೆದಿಟ್ಟಿದ್ದೆ ಎಂದರು. ಅವರ ನೆನಪನ್ನು ನಂಬಲು ಅಡ್ಡಿಯಿರಲಿಲ್ಲ, ಆದರೆ ನೆನಪಿನ ಆಧಾರದ ಮೇಲೆ ತನಿಖೆಯನ್ನು ಮುಗಿಸುವಂತೆಯೂ ಇರಲಿಲ್ಲ.

ಈಗಿನ ಸರ್ವರಿನಲ್ಲಿ, ನಿಗದಿತ ಹೊತ್ತಿಗೆ ಆದೇಶಗಳನ್ನು ತಾವಾಗಿಯೇ ನಡೆಸುವ ಕ್ರಾನ್‌ನ ಎಲ್ಲ ಜಾಗಗಳನ್ನೂ, ಸಿಸ್ಟಮ್‌ಡಿ ಟೈಮರ್‌ಗಳನ್ನೂ, ಯಂತ್ರ ಏಳುವಾಗ ನಡೆಯುವ ಸ್ಕ್ರಿಪ್ಟ್‌ಗಳನ್ನೂ ನೋಡಲಾಗಿತ್ತು; ಎಲ್ಲಿಯೂ ಆರ್‌ಸಿಂಕ್ ಇರಲಿಲ್ಲ. ಬದಲಾದ ಕಡತ ಯಾವ ಯಂತ್ರದಲ್ಲಿದೆಯೋ ಆ ಯಂತ್ರದಲ್ಲೇ ಕಾರಣವನ್ನೂ ಹುಡುಕುವುದು ನಮ್ಮೆಲ್ಲರ ಸಹಜ ಅಭ್ಯಾಸ. ಈ ಪ್ರಕರಣದಲ್ಲಿ ಸರ್ವರ್ ಬರೆಯಿಸಿಕೊಳ್ಳುವ ಕಡೆಯದು, ಬರೆಯುವ ಕೈ ಹೊರಗಿತ್ತು. ಅದನ್ನು ಹಿಡಿಯಲು, ಕಡತವನ್ನು ಯಾವ ಪ್ರಕ್ರಿಯೆ ಮುಟ್ಟಿತೆಂದು ದಾಖಲಿಸುವ ಲಿನಕ್ಸ್‌ನ ಆಡಿಟ್ ವ್ಯವಸ್ಥೆಯನ್ನು ಬಳಸಿದೆವು. 2005ರಿಂದ ಲಿನಕ್ಸ್ ಕರ್ನಲ್‌ನಲ್ಲಿರುವ ಐನೋಟಿಫೈ ಕೂಡ ಕಡತ ಬದಲಾದ ಕ್ಷಣವನ್ನು ತಿಳಿಸುತ್ತದೆ. ಆದರೆ ಬದಲಾಯಿಸಿದ್ದು ಯಾವ ಪ್ರಕ್ರಿಯೆ ಎಂದು ಅದು ಹೇಳುವುದಿಲ್ಲ, ನಮಗೆ ಬೇಕಾಗಿದ್ದುದು ಅದೇ. ಆ ವ್ಯವಸ್ಥೆಯ ತಂತ್ರಾಂಶವಾದ ಆಡಿಟ್‌ಡಿ ಹಾಕಿ, ಹಂಚಿಕೆಯ ಫೋಲ್ಡರಿನ ಮೇಲೆ ಬರವಣಿಗೆ ಮತ್ತು ಗುಣಲಕ್ಷಣಗಳ ಬದಲಾವಣೆಗೆ ಒಂದು ಕಾವಲು ನಿಯಮ ಇಟ್ಟು, ಯಂತ್ರ ಮರಳಿ ಎದ್ದರೂ ಅದು ಉಳಿಯುವಂತೆ ನಿಯಮಗಳ ಕಡತದಲ್ಲಿ ಸೇರಿಸಲಾಯಿತು. ಸಾಂಬಾದ ದೈನಂದಿನ ಬರವಣಿಗೆಯಿಂದ ದಾಖಲೆ ಬೇಗ ತುಂಬುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಿ ಅದರ ಗಾತ್ರದ ಮಿತಿಯನ್ನು ಹೆಚ್ಚಿಸಿದ್ದೆವು.

ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಏನೂ ನಡೆಯಲಿಲ್ಲ. ಮತ್ತೆ ಜೋರು ಮಳೆ ಹಿಡಿದ ಮೇಲೆ ದಾಖಲೆಯಲ್ಲಿ ಬೇಕಾದ ಸಾಲುಗಳು ಬಂದವು: ಕಡತದ ಹೆಸರು ಬದಲಿಸಿದ ಪ್ರಕ್ರಿಯೆ ಆರ್‌ಸಿಂಕ್, ಲಾಗಿನ್ ಆದ ಬಳಕೆದಾರನ ಗುರುತು ಸೊನ್ನೆ, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಖಾತೆ. ಈ ಲಾಗಿನ್ ಗುರುತು ಆಮೇಲೆ ಬೇರೆ ಬಳಕೆದಾರನಾಗಿ ಬದಲಾದರೂ ಅಳಿಯದೆ ಉಳಿಯುತ್ತದೆ, ಆದ್ದರಿಂದ ಇದಕ್ಕೆ ಸಾಕ್ಷ್ಯದ ಬೆಲೆ ಹೆಚ್ಚು. ಅದೇ ನಿಮಿಷದಲ್ಲಿ ಲಾಗಿನ್ ದಾಖಲೆಯಲ್ಲಿ ಒಂದು ಸಾಲಿತ್ತು: ದೂರದ ಯಂತ್ರದಿಂದ ಒಳಬರುವ ಎಸ್‌ಎಸ್‌ಎಚ್ ಮೂಲಕ ರೂಟ್ ಖಾತೆಗೆ (ಪಾಸ್‌ವರ್ಡ್ ಬದಲು) ಡಿಜಿಟಲ್ ಕೀಲಿ ತೋರಿಸಿ ಪ್ರವೇಶ, ಕೀಲಿಯ ಬೆರಳಚ್ಚು, ಅಂದರೆ ಅದರ ಗುರುತಿನ ಅಕ್ಷರಸಾಲು, ಬಂದ ವಿಳಾಸ. ವಿಳಾಸ ಶಾಖೆಯ ಜಾಲದ ಸರಣಿಗೆ ಸೇರಿದ್ದು. ಹಿಂದಿನ ಲಾಗಿನ್ ದಾಖಲೆಗಳು 4 ವಾರದಷ್ಟು ಮಾತ್ರ ಉಳಿದಿದ್ದವು. ಆ 4 ವಾರದಲ್ಲಿ ಸಿಬ್ಬಂದಿ ರಿಜಿಸ್ಟರಿನಲ್ಲಿ ಬರೆದ ಪ್ರತಿ ದಿನಕ್ಕೂ ಇಂಥದೊಂದು ಪ್ರವೇಶ ಹೊಂದಿಕೊಂಡಿತು.

ಇಲ್ಲಿ ಒಂದು ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಯಾರೆಂದು ಗೊತ್ತಿಲ್ಲದ ಯಂತ್ರವೊಂದು ರೂಟ್ ಆಗಿ ಒಳಗೆ ಬರುತ್ತಿದೆ ಎಂದರೆ, ಬೇರೆ ರುಜುವಾತು ಸಿಗುವವರೆಗೆ ಅದನ್ನು ನುಸುಳುವಿಕೆ ಎಂದೇ ಭಾವಿಸಬೇಕು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಅಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕಾಗಿರುವುದರಿಂದ, ಆ ಯಂತ್ರ ಯಾವುದೆಂದು ಅಂದೇ ತಿಳಿಯುವುದು ಅಗತ್ಯವಾಗಿತ್ತು. ಸರ್ವರನ್ನೇ ಜಾಲದಿಂದ ಬೇರ್ಪಡಿಸುವುದು ಒಂದು ದಾರಿ. ಆದರೆ ಮೈಲುತುತ್ತಕ್ಕೆ ಬಂದ ಸದಸ್ಯರು ಸರದಿಯಲ್ಲಿ ನಿಂತಿದ್ದರು. ಶಾಖೆಯ ವಿಳಾಸಗಳನ್ನು ಫೈರ್‌ವಾಲ್‌ನಲ್ಲಿ ತಡೆಯುವುದು ಇನ್ನೊಂದು ದಾರಿ. ಹಾಗೆ ಮಾಡಿದರೆ ಮುಂದಿನ ಪ್ರಯತ್ನ ಎಸ್‌ಎಸ್‌ಎಚ್ ದಾಖಲೆಯಲ್ಲಿ ಕಾಣುತ್ತಿರಲಿಲ್ಲ. ನನ್ನ ಅಭಿಪ್ರಾಯದಂತೆ, ಸರ್ವರಿನಲ್ಲಿ ಅನುಮತಿ ಪಡೆದ ಕೀಲಿಗಳ ಕಡತದಿಂದ ಆ ಒಂದು ಕೀಲಿಯ ಸಾಲನ್ನು ಮಾತ್ರ ಪ್ರತಿ ಇಟ್ಟುಕೊಂಡು ತೆಗೆದುಹಾಕಲಾಯಿತು. ಬಾಗಿಲು ತೆರೆಯುವುದಿಲ್ಲ, ತಟ್ಟಿದ ಸದ್ದು ಮಾತ್ರ ದಾಖಲಾಗುತ್ತದೆ.

ಗೋದಾಮಿನ ಮೂಲೆಯ ಯಂತ್ರ

ಶಾಖೆಗೆ ಫೋನ್ ಮಾಡಿದರೆ ಅಲ್ಲಿರುವುದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಅಷ್ಟೇ ಎಂಬ ಉತ್ತರ ಬಂತು. ಶಾಖೆಯ ರೂಟರ್ ಹಂಚಿದ ವಿಳಾಸಗಳ ಪಟ್ಟಿಯಲ್ಲಿ ನಾಲ್ಕನೆಯದೊಂದು ಇತ್ತು. ಹೋಗಿ ಕೇಬಲ್ ಹಿಡಿದು ನಡೆದರೆ ಅದು ಗೋದಾಮಿನ ಮೂಲೆಯಲ್ಲಿ, ಸುಣ್ಣದ ಚೀಲಗಳ ಹಿಂದೆ, ಪರದೆಯಿಲ್ಲದೆ ಓಡುತ್ತಿದ್ದ ಒಂದು ಹಳೆಯ ಟವರ್ ಕಂಪ್ಯೂಟರಿನ ಬಳಿ ಮುಗಿಯಿತು. "ಅದು ಸುಮ್ಮನೆ ಕೂತಿತ್ತು ಮಾರಾಯ್ರೆ, ಸ್ಕ್ಯಾನ್ ಮಾಡಿದ್ದು ಬಂದು ಬೀಳ್ಲಿಕ್ಕೆ ಅಂತ ಮೇ ತಿಂಗಳಲ್ಲಿ ಹಚ್ಚಿದ್ವಿ" ಎಂದರು ಶಾಖೆಯ ಗುಮಾಸ್ತರು. ಬೆಳೆ ಸಾಲಕ್ಕೆ ಬರುವವರ ಪಹಣಿ, ಆಧಾರ್ ಪ್ರತಿಗಳನ್ನು ಸ್ಕ್ಯಾನ್ ಮಾಡಿದರೆ ಪ್ರಿಂಟರ್ ಅವನ್ನು ಜಾಲದ ಒಂದು ಫೋಲ್ಡರಿಗೆ ಹಾಕುವಂಥದ್ದು. ಆ ಫೋಲ್ಡರಿಗೆ ಜಾಗ ಬೇಕೆಂದು ಪ್ರಿಂಟರ್ ಅಳವಡಿಸಲು ಬಂದವರು ಕಣ್ಣಿಗೆ ಬಿದ್ದ ಈ ಯಂತ್ರಕ್ಕೆ ವಿದ್ಯುತ್ತನ್ನೂ ಜಾಲವನ್ನೂ ಕೊಟ್ಟಿದ್ದರು. ಅದೇ ಹಳೆಯ ಸರ್ವರ್.

ಜಾಲದ ಕೇಬಲ್ ಕಿತ್ತ ಮೇಲೆಯೇ ಪರದೆ ಜೋಡಿಸಿ ನೋಡಲಾಯಿತು. ರೂಟ್‌ನ ಕ್ರಾನ್ ಪಟ್ಟಿಯಲ್ಲಿ ರಾತ್ರಿಯ ಆರ್‌ಸಿಂಕ್ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಅದನ್ನು ನಿಲ್ಲಿಸಲಾಗಿತ್ತು. ಹಿಂದಿನವರ ನೆನಪು ಸರಿಯಾಗಿಯೇ ಇತ್ತು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಯಂತ್ರ ಪ್ರತಿ ಬಾರಿ ಎದ್ದಾಗ 300 ಸೆಕೆಂಡ್ ಕಾದು ಅದೇ ಆರ್‌ಸಿಂಕ್ ನಡೆಸಬೇಕೆಂಬ ಸಾಲು ಅದು. ವರ್ಗಾವಣೆಯ ತಿಂಗಳಲ್ಲಿ ಕರೆಂಟ್ ಹೋಗಿ ರಾತ್ರಿಯ ನಕಲು ತಪ್ಪಿದರೆ ಯಂತ್ರ ಎದ್ದ ಮೇಲಾದರೂ ಆಗಲಿ ಎಂಬ ಎಚ್ಚರಿಕೆಯಿಂದ ಬರೆದದ್ದಿರಬೇಕು.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಮರ ಬಿದ್ದು ತಂತಿ ಹರಿಯುವುದು ಮಳೆಗಾಲದ ನಿತ್ಯದ ಸಂಗತಿ. ಗೋದಾಮಿನ ಯಂತ್ರಕ್ಕೆ ಯುಪಿಎಸ್ ಇರಲಿಲ್ಲ. ಕರೆಂಟ್ ಬಂದಾಗಲೆಲ್ಲ ಅದು ತಾನೇ ಏಳುತ್ತಿತ್ತು, 5 ನಿಮಿಷ ಕಾಯುತ್ತಿತ್ತು, ಎರಡು ವರ್ಷ ಹಿಂದಿನ ಕಡತಗಳನ್ನು ಮುಖ್ಯ ಕಚೇರಿಗೆ ತಳ್ಳುತ್ತಿತ್ತು. ಆ 5 ನಿಮಿಷದೊಳಗೆ ಬ್ರಾಡ್‌ಬ್ಯಾಂಡ್ ಮತ್ತು ವಿಪಿಎನ್ ಚೇತರಿಸಿಕೊಂಡಿದ್ದರೆ ಮಾತ್ರ ನಕಲು ನಡೆಯುತ್ತಿತ್ತು, ಇಲ್ಲವಾದರೆ ಆದೇಶ ವಿಫಲವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಪ್ರತಿ ಬಾರಿ ಕರೆಂಟ್ ಹೋದಾಗಲೂ ತೊಂದರೆ ಕಾಣದೆ, ಸಿಬ್ಬಂದಿಗೆ ಅದರಲ್ಲಿ ಯಾವ ಕ್ರಮವೂ ಹೊಳೆಯದೆ ಹೋದದ್ದು ಈ ಕಾರಣಕ್ಕೆ. ಹಳೆಯ ಯಂತ್ರದ ಸಿಮೋಸ್ ಬ್ಯಾಟರಿ ಸತ್ತು ಅದರ ಗಡಿಯಾರ ನಂಬುವಂತಿರಲಿಲ್ಲವಾದ್ದರಿಂದ, ಸಮಯದ ಹೋಲಿಕೆಗೆ ಮುಖ್ಯ ಸರ್ವರಿನ ದಾಖಲೆಯನ್ನಷ್ಟೇ ಆಧಾರವಾಗಿ ಇಟ್ಟುಕೊಂಡೆವು.

ಕಾರಣ ತಿಳಿದ ಮೇಲೂ ಹಾನಿಯ ಪೂರ್ಣ ಪಟ್ಟಿ ಇರಲಿಲ್ಲ. ದೂರು ಬಂದದ್ದು ದಿನವೂ ತೆರೆಯುವ ಕಡತಗಳ ಬಗ್ಗೆ ಮಾತ್ರ. ಅಪರೂಪಕ್ಕೆ ತೆರೆಯುವ ಕಡತ ಹಿಂದಕ್ಕೆ ಹೋಗಿದ್ದರೆ ಅದನ್ನು ಯಾರೂ ಗಮನಿಸಿರುವುದಿಲ್ಲ, ವಾರದ ಬ್ಯಾಕಪ್‌ನಲ್ಲಿಯೂ ಅದರ ಹಳೆಯ ರೂಪವೇ ಇರುತ್ತದೆ. ಇಲ್ಲಿ ಒದಗಿ ಬಂದದ್ದು ಲೆಕ್ಕಪರಿಶೋಧನೆಗೆಂದು ಮಾರ್ಚ್ 31ರಂದು ತೆಗೆದು ಬೀರುವಿನಲ್ಲಿಟ್ಟಿದ್ದ ವರ್ಷಾಂತ್ಯದ ಪ್ರತಿ, ಏಕೆಂದರೆ ಅದು ಹಳೆಯ ಯಂತ್ರಕ್ಕೆ ವಿದ್ಯುತ್ ಕೊಡುವ ಮೊದಲಿನದು. ಹಳೆಯ ಡಿಸ್ಕನ್ನು ಓದಲು ಮಾತ್ರ ಬರುವಂತೆ ಜೋಡಿಸಿ, ಅದರಿಂದ ವರ್ಷಾಂತ್ಯದ ಪ್ರತಿಯ ಕಡೆಗೆ ಆರ್‌ಸಿಂಕ್ ಅನ್ನು ಏನನ್ನೂ ಬರೆಯದ ಪರೀಕ್ಷಾ ವಿಧಾನದಲ್ಲಿ ಓಡಿಸಿದಾಗ, ಯಾವ ಕಡತಗಳನ್ನು ಅದು ಮುಚ್ಚಿಹಾಕುತ್ತಿತ್ತು ಎಂಬ ಪಟ್ಟಿ ಸಿಕ್ಕಿತು. ರಿಜಿಸ್ಟರಿನಲ್ಲಿದ್ದವುಗಳ ಪೈಕಿ ಮಾರ್ಚ್ ವೇಳೆಗೆ ಒಮ್ಮೆಯಾದರೂ ತಿದ್ದಲಾಗಿದ್ದ ಕಡತಗಳೆಲ್ಲ ಅದರಲ್ಲಿದ್ದವು. ರಿಜಿಸ್ಟರಿನಲ್ಲಿ ಇಲ್ಲದ್ದೂ ಇದ್ದವು: ಬಡ್ಡಿ ದರ ಬದಲಾಗುವ ಮೊದಲಿನ ಸಾಲದ ಅರ್ಜಿ ನಮೂನೆ, ನಾಮಿನಿ ಬದಲಾವಣೆಯ ನಮೂನೆ, ಶಾಖೆಯ ದೂರವಾಣಿ ಪಟ್ಟಿ. ಹಳೆಯ ಬಡ್ಡಿ ದರದ ನಮೂನೆಯಲ್ಲಿ ಕೆಲವು ಅರ್ಜಿಗಳಿಗೆ ಸದಸ್ಯರ ಸಹಿಯೂ ಬಿದ್ದಾಗಿತ್ತು. ಮೈಲುತುತ್ತದ ಬಿಲ್ಲುಗಳ ವ್ಯತ್ಯಾಸಕ್ಕಿಂತ ಇದು ಗಂಭೀರವಾದದ್ದೆಂದು ನಾನು ಹೇಳಿದೆ. ಕಾರ್ಯದರ್ಶಿಯವರು ಎರಡನ್ನೂ ಆಡಳಿತ ಮಂಡಳಿಯ ಮುಂದಿಟ್ಟು, ಆ ಅರ್ಜಿಗಳನ್ನು ಹೊಸ ನಮೂನೆಯಲ್ಲಿ ಮರಳಿ ಪಡೆದರು.

ಏಪ್ರಿಲ್ ನಂತರ ತಿದ್ದಿದ ಕಡತಗಳನ್ನು ತೆಗೆದಿಟ್ಟ ಬ್ಯಾಕಪ್‌ನಿಂದ ಸಿಕ್ಕಷ್ಟು, ಉಳಿದದ್ದನ್ನು ಮುದ್ರಿತ ಪ್ರತಿಗಳಿಂದ ಸರಿಪಡಿಸಲಾಯಿತು. ಮಾಲೀಕತ್ವವನ್ನು ಕಚೇರಿ ಖಾತೆಗೆ ಮರಳಿಸಲಾಯಿತು. ಹಳೆಯ ಯಂತ್ರದ ಡಿಸ್ಕನ್ನು ಮುದ್ರೆ ಹಾಕಿ ಬೀರುವಿನಲ್ಲಿಟ್ಟು, ಶಾಖೆಯ ಸ್ಕ್ಯಾನ್‌ಗಳಿಗೆ ಮುಖ್ಯ ಸರ್ವರಿನಲ್ಲೇ ಒಂದು ಪ್ರತ್ಯೇಕ ಫೋಲ್ಡರ್ ಕೊಡಲಾಯಿತು. ಡೆಬಿಯನ್‌ನ ಹೊಸ ಆವೃತ್ತಿಗೆ ಹೋಗುವ ಕೆಲಸವನ್ನು ಅಡಿಕೆ ಕೊಯ್ಲಿನ ಗಡಿಬಿಡಿಗೆ ಮೊದಲೇ ಮುಗಿಸುವುದೆಂದು ಮಂಡಳಿ ಒಪ್ಪಿತು.

ರೂಟ್ ಪ್ರವೇಶಕ್ಕೆ ಅನುಮತಿ ಪಡೆದಿದ್ದ ಕೀಲಿಗಳ ಕಡತದಲ್ಲಿ ಇನ್ನೂ ಎರಡು ಸಾಲುಗಳಿದ್ದವು. ಒಂದು ಹಿಂದಿನ ನಿರ್ವಾಹಕರ ಲ್ಯಾಪ್‌ಟಾಪಿನದು, ಅದನ್ನು ಅವರೇ ಫೋನಿನಲ್ಲಿ ಗುರುತಿಸಿ ತೆಗೆಯಲು ಹೇಳಿದರು. ಇನ್ನೊಂದರ ಕೊನೆಯಲ್ಲಿ ಹೆಸರಿರಲಿಲ್ಲ, ಅವರಿಗೂ ನೆನಪಿರಲಿಲ್ಲ, ಉಳಿದಿದ್ದ 4 ವಾರದ ದಾಖಲೆಯಲ್ಲಿ ಅದನ್ನು ಯಾರೂ ಬಳಸಿರಲಿಲ್ಲ. ಅದನ್ನೂ ತೆಗೆದು, ಬೆರಳಚ್ಚನ್ನು ಬರೆದಿಟ್ಟುಕೊಂಡು, ದಾಖಲೆಗಳನ್ನು ಸರ್ಟ್-ಇನ್ ನಿರ್ದೇಶನ ಹೇಳುವ 180 ದಿನಗಳವರೆಗೆ ಉಳಿಸುವಂತೆ ಹೊಂದಿಸಿದ್ದೇವೆ. ಆ ಕೀಲಿಯಿಂದ ಪ್ರಯತ್ನವೊಂದು ಬಂದರೆ ವಿಳಾಸದ ಸಮೇತ ಅಲ್ಲಿ ಕಾಣಬೇಕು. ಇದನ್ನು ಬರೆಯುವವರೆಗೆ ಬಂದಿಲ್ಲ.